ಅಂಬಾಸಿಡರ್ 1489 ಸಿಸಿ ಪೆಟ್ರೋಲ್ ಎಂಜಿನ್: ಸಿಲಿಂಡರ್ ಹೆಡ್ ಬಿಚ್ಚುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಯಾವ ಎಂಜಿನ್‌ಗೆ ಸಂಬಂಧಿಸಿದ್ದು?

ಹಿಂದುಸ್ತಾನ್ ಮೋಟರ್ಸ್‌ನವರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿದ ಅಂಬಾಸಿಡರ್‌ನ 1489 ಸಿಸಿ ಓವರ್‌ಹೆಡ್ ವಾಲ್ವ್ ಪೆಟ್ರೋಲ್ ಎಂಜಿನ್‌ಗೆ. ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್ ಇದು. ಬೋರ್ 73 ಮಿ.ಮೀ., ಸ್ಟ್ರೋಕ್ 88.9 ಮಿ.ಮೀ., ಸಿಲಿಂಡರ್‌ಗಳಿರುವ ಬ್ಲಾಕೂ ಬೀಡು (ಎರಕದ ಕಬ್ಬಿಣ), ಅದರ ಮೇಲೆ ಕೂರುವ ಹೆಡ್ಡೂ ಬೀಡು. ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗಿದ್ದು ಟ್ಯಾಪೆಟ್ ಎಂಬ ತುಂಡನ್ನೂ ಅದರೊಳಗೆ ನಿಂತ ಪುಶ್‌ರಾಡ್ ಎಂಬ ಕಡ್ಡಿಯನ್ನೂ ಮೇಲಕ್ಕೆ ತಳ್ಳುತ್ತದೆ. ಆ ಕಡ್ಡಿ ಹೆಡ್ ಮೇಲಿನ ರಾಕರ್ ಎಂಬ ಸನ್ನೆಯನ್ನು ತಿರುಗಿಸಿ ವಾಲ್ವ್ ತೆರೆಯುತ್ತದೆ. ಎಂಜಿಎ 1500 ಕಾರಿನ ಎಂಜಿನ್ ಕೂಡ ಇದೇ ಕುಟುಂಬದ್ದು. ಹಾಗಾಗಿ ಅದರ ಮಾಲೀಕರಿಗೂ ಇಲ್ಲಿನ ಬಹುಪಾಲು ಮಾತು ಅನ್ವಯಿಸುತ್ತದೆ.

ಮೂರು ಅಂಬಾಸಿಡರ್‌ಗಳಿಗೆ ಈ ಪುಟ ಹೊಂದುವುದಿಲ್ಲ. ತೀರಾ ಮೊದಲಿನವುಗಳಲ್ಲಿದ್ದ 1476 ಸಿಸಿ ಸೈಡ್ ವಾಲ್ವ್ ಎಂಜಿನ್‌ನಲ್ಲಿ ಹೆಡ್ ಅಂದರೆ ಬರೀ ಮುಚ್ಚಳ. ಅದರಲ್ಲಿ ರಾಕರೂ ಇಲ್ಲ, ಪುಶ್‌ರಾಡೂ ಇಲ್ಲ. 1990ರ ದಶಕದಲ್ಲಿ ಬಂದ ಇಸುಜು 1.8 ಎಂಜಿನ್‌ನಲ್ಲಿ ಕ್ಯಾಮ್ ಹೆಡ್ಡಿನ ಮೇಲೇ ಕೂತಿರುವುದರಿಂದ ಟೈಮಿಂಗ್ ಗುರುತು ಹಾಕಿಕೊಳ್ಳದೆ ಕೈಹಾಕುವಂತಿಲ್ಲ. ಡೀಸೆಲ್ ಎಂಜಿನ್ ನೋಡಲು ಅಣ್ಣತಮ್ಮನಂತಿದ್ದರೂ ಅದರ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವೆ ಸೋರದಂತೆ ಹಾಕುವ ಹಾಳೆ), ಟಾರ್ಕ್ (ನಟ್ ಬಿಗಿಯುವ ಬಲದ ಅಳತೆ) ಎಲ್ಲವೂ ಬೇರೆ.

ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಬಿಚ್ಚುವ ಮೊದಲೇ ಖಚಿತ ಮಾಡಿಕೊಳ್ಳುವುದು ಹೇಗೆ?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಕಾರು ಹೀಟ್ ಆಯಿತು ಅಂದಕೂಡಲೇ ಹೆಡ್ ಬಿಚ್ಚಿಸುವವರು ಬಹಳ. ಆದರೆ ಅಂಬಾಸಿಡರ್ ಹೀಟ್ ಆಗಲು ಹೆಚ್ಚಿನ ಸಲ ಕಾರಣವಾಗುವುದು ಕಟ್ಟಿಕೊಂಡ ರೇಡಿಯೇಟರ್, ಸಡಿಲ ಫ್ಯಾನ್ ಬೆಲ್ಟ್, ಸೋರುವ ವಾಟರ್ ಪಂಪ್ ಅಥವಾ ತೆರೆಯದ ಥರ್ಮೋಸ್ಟಾಟ್. ಇವನ್ನೆಲ್ಲ ನೋಡದೆ ಹೆಡ್ ಇಳಿಸಿದರೆ ಚೆನ್ನಾಗಿದ್ದ ಗ್ಯಾಸ್ಕೆಟ್ ಹಾಳಾಗುತ್ತದೆ, ಹೀಟ್ ಮಾತ್ರ ಇದ್ದಹಾಗೇ ಇರುತ್ತದೆ.

ಮೊದಲು ಕಂಪ್ರೆಷನ್, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಹುಟ್ಟಿಸುವ ಒತ್ತಡ, ಅಳೆಯಿರಿ. ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಹೊರಗಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು, ಬ್ಯಾಟರಿ ಗಟ್ಟಿಯಾಗಿರಬೇಕು. ನಾಲ್ಕರಲ್ಲೂ ಅಂಕಿ ಹೆಚ್ಚುಕಡಿಮೆ ಒಂದೇ ಇದ್ದರೆ ಸಾಕು, ಎಷ್ಟಿದೆ ಎನ್ನುವುದು ಆಮೇಲಿನ ಮಾತು. ಎರಡರಲ್ಲಿ 120 ಪಿಎಸ್‌ಐ ಇದ್ದು ಅಕ್ಕಪಕ್ಕದ ಇನ್ನೆರಡರಲ್ಲಿ 60 ಬಂದರೆ, ಆ ಎರಡು ಸಿಲಿಂಡರ್‌ಗಳ ನಡುವೆ ಗ್ಯಾಸ್ಕೆಟ್ ಸುಟ್ಟಿದೆ ಎಂದು ಬಹುಪಾಲು ಹೇಳಬಹುದು. ಒಂದರಲ್ಲೇ ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ದೋಷ ಪಿಸ್ಟನ್ ರಿಂಗ್‌ನಲ್ಲಿದೆ, ಹೆಡ್ ಬಿಚ್ಚಿ ಪ್ರಯೋಜನವಿಲ್ಲ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಟ್ಯಾಪೆಟ್ ಗ್ಯಾಪ್ (ರಾಕರ್ ಮತ್ತು ವಾಲ್ವ್ ತುದಿಯ ನಡುವಿನ ಸಂದು) ತೀರಾ ಬಿಗಿಯಾಗಿದ್ದರೂ ವಾಲ್ವ್ ಪೂರ್ತಿ ಮುಚ್ಚದೆ ಇದೇ ರೀತಿ ತೋರಿಸುತ್ತದೆ. ಹಾಗಾಗಿ ಅದನ್ನು ಮೊದಲೇ ಸರಿಮಾಡಿಕೊಂಡು ಅಳೆಯಿರಿ.

ಉಳಿದ ಲಕ್ಷಣಗಳು: ಎಂಜಿನ್ ಓಡುವಾಗ ರೇಡಿಯೇಟರ್ ಬಾಯಲ್ಲಿ ನಿಲ್ಲದೆ ಗುಳ್ಳೆ ಬರುವುದು (ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಸ್ಟಾರ್ಟ್ ಮಾಡಿ ನೋಡಬೇಕು), ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಹೊರಗೆಲ್ಲೂ ಸೋರದೆ ನೀರು ಕಡಿಮೆಯಾಗುವುದು, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಾಣುವುದು. ಆಯಿಲ್ ಫಿಲ್ಲರ್ ಮುಚ್ಚಳದ ಒಳಗಷ್ಟೇ ತೆಳುವಾಗಿ ಬಿಳಿ ಕೆನೆ ಕಟ್ಟಿದ್ದರೆ ಗಾಬರಿ ಬೇಡ. ಮಳೆಗಾಲದಲ್ಲಿ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರುಗಳಲ್ಲಿ ಅದು ಮಾಮೂಲು.

ಏನೇನು ಸಾಮಾನು ಬೇಕು? ಮಾರುತಿಗೆ ಬಳಸುವ ಸ್ಪ್ಯಾನರ್ ಸೆಟ್ ಸಾಕೇ?

ಸಾಲದು. ಈ ಎಂಜಿನ್‌ನ ನಟ್‌ಗಳೆಲ್ಲ ಇಂಚಿನ ಅಳತೆಯವು, ಯುಎನ್‌ಎಫ್ ಎಂಬ ಸಣ್ಣ ಎಳೆಯ ಥ್ರೆಡ್. 1/2 ಇಂಚು ಅಂದರೆ 12.7 ಮಿ.ಮೀ., 9/16 ಅಂದರೆ 14.3 ಮಿ.ಮೀ. 14ರ ಸ್ಪ್ಯಾನರ್ ಒಳಗೆ ಹೋಗುವುದಿಲ್ಲ, 15ರದ್ದು ಆಡುತ್ತದೆ. ಆಡುವ ಸ್ಪ್ಯಾನರಿನಲ್ಲಿ ಹೆಡ್ ನಟ್ ಬಿಚ್ಚಲು ಹೋಗಿ ಮೂಲೆ ಸವೆಸಿದ ಮೇಲೆ ಉಳಿಯುವುದು ಉಳಿ, ಸುತ್ತಿಗೆ ಮತ್ತು ಪಶ್ಚಾತ್ತಾಪ. 7/16, 1/2, 9/16, 5/8 ಎ.ಎಫ್. (ನಟ್‌ನ ಎದುರುಬದುರು ಮುಖಗಳ ನಡುವಿನ) ಅಳತೆಯ ಆರು ಮೂಲೆಯ ಸಾಕೆಟ್ ಮತ್ತು ರಿಂಗ್ ಸ್ಪ್ಯಾನರ್ ತೆಗೆದುಕೊಳ್ಳಿ. ಹಳೆಯ ಕಾರಿನಲ್ಲಿ ಯಾರೋ ಮಿಲಿಮೀಟರ್ ನಟ್ ಹಾಕಿರುವ ಸಾಧ್ಯತೆಯೂ ಇರುವುದರಿಂದ ಪ್ರತಿ ನಟ್‌ಗೂ ಸಾಕೆಟ್ ಕೂರಿಸಿ ನೋಡಿಯೇ ಬಲ ಹಾಕಿ.

ಇದಲ್ಲದೆ ಬೇಕಾಗುವುದು: 80 ಪೌಂಡ್-ಅಡಿವರೆಗಿನ ಟಾರ್ಕ್ ರೆಂಚ್, ಫೀಲರ್ ಗೇಜ್, ವಾಲ್ವ್ ಸ್ಪ್ರಿಂಗ್ ಕಂಪ್ರೆಸರ್, ಉದ್ದದ ಉಕ್ಕಿನ ಸ್ಕೇಲ್, ತುಕ್ಕು ಬಿಡಿಸುವ ಎಣ್ಣೆ, 10 ಲೀಟರಿನ ಬಕೆಟ್, ಹಳೆಯ ಬಟ್ಟೆ, ಒಂದು ರಟ್ಟಿನ ಡಬ್ಬ. ಡಬ್ಬ ಯಾಕೆಂದು ಮುಂದೆ ಗೊತ್ತಾಗುತ್ತದೆ.

ಬಿಡಿಭಾಗಗಳಲ್ಲಿ ಹೆಡ್ ಗ್ಯಾಸ್ಕೆಟ್ ಒಂದನ್ನೇ ತರಬೇಡಿ. ಮ್ಯಾನಿಫೋಲ್ಡ್, ರಾಕರ್ ಕವರ್, ಥರ್ಮೋಸ್ಟಾಟ್ ಹೌಸಿಂಗ್, ಕಾರ್ಬುರೇಟರ್ ಗ್ಯಾಸ್ಕೆಟ್‌ಗಳು ಮತ್ತು ವಾಲ್ವ್ ದಂಡದ ರಬ್ಬರ್ ರಿಂಗ್‌ಗಳು ಒಟ್ಟಿಗಿರುವ ಡಿಕಾರ್ಬನೈಸಿಂಗ್ (ಮಸಿ ತೆಗೆಯುವ ಕೆಲಸದ) ಸೆಟ್ ಸಿಗುತ್ತದೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಕೇಳುವಾಗ ‘ಅಂಬಾಸಿಡರ್ ಪೆಟ್ರೋಲ್, 1489’ ಎಂದು ಸ್ಪಷ್ಟವಾಗಿ ಹೇಳಿ. ಡೀಸೆಲ್ ಗ್ಯಾಸ್ಕೆಟ್ ಕೈಗೆ ಬಂದರೆ ಅದು ಗೊತ್ತಾಗುವುದು ಮನೆಗೆ ಬಂದ ಮೇಲೆ.

ಬಿಚ್ಚುವ ಕ್ರಮ ಏನು?

ಎಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿಯಿಡೀ ನಿಂತಿದ್ದರೆ ಇನ್ನೂ ಒಳ್ಳೆಯದು. ಹೆಡ್ ಸ್ಟಡ್‌ಗಳಿಗೆ (ಬ್ಲಾಕಿನಿಂದ ಮೇಲೆದ್ದ, ನಟ್ ಕೂರುವ ಥ್ರೆಡ್ ಕಂಬಿಗಳು) ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಬ್ಯಾಟರಿ ಕಳಚಿ. ರೇಡಿಯೇಟರ್ ಕೆಳಗಿನ ನಲ್ಲಿ ಮತ್ತು ಬ್ಲಾಕಿನ ಪಕ್ಕದ ನಲ್ಲಿ ಎರಡನ್ನೂ ತೆರೆದು ನೀರು ಇಳಿಸಿ. ರೇಡಿಯೇಟರ್ ಒಂದನ್ನೇ ಖಾಲಿ ಮಾಡಿದರೆ ಬ್ಲಾಕಿನಲ್ಲಿ ಉಳಿದ ನೀರು ಹೆಡ್ ಎತ್ತಿದಾಗ ಸಿಲಿಂಡರ್‌ಗೆ, ಅಲ್ಲಿಂದ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿ) ಹೋಗುತ್ತದೆ. ಬ್ಲಾಕಿನ ನಲ್ಲಿಯಿಂದ ನೀರೇ ಬರದಿದ್ದರೆ ಒಳಗೆ ಕೆಸರು ಕಟ್ಟಿದೆ ಎಂದರ್ಥ, ತಂತಿ ಹಾಕಿ ಚುಚ್ಚಿ.

ಆಮೇಲೆ ಮೇಲಿನ ಹೋಸ್, ಇದ್ದರೆ ಹೀಟರ್ ಹೋಸ್, ಟೆಂಪರೇಚರ್ ಗೇಜಿನ ಸಂಪರ್ಕ. ಗೇಜ್ ಕ್ಯಾಪಿಲರಿ ಕೊಳವೆಯದ್ದಾದರೆ ಅದನ್ನು ಮಡಚದೆ ಹುಷಾರಾಗಿ ಪಕ್ಕಕ್ಕೆ ಕಟ್ಟಿ. ಮುರಿದರೆ ಗೇಜೇ ಹೋದಂತೆ. ಡ್ರೈವರ್ ಸೈಡಿನಲ್ಲಿ ಪ್ಲಗ್ ವೈರ್‌ಗಳಿಗೆ ಸಂಖ್ಯೆ ಬರೆದು ತೆಗೆಯಿರಿ. ಡಿಸ್ಟ್ರಿಬ್ಯೂಟರ್ ಮುಟ್ಟುವ ಅಗತ್ಯವಿಲ್ಲ, ಟೈಮಿಂಗ್ ಚೈನ್‌ಗೂ ಈ ಕೆಲಸಕ್ಕೂ ಸಂಬಂಧವಿಲ್ಲ.

ಎಡಗಡೆ ಏರ್ ಕ್ಲೀನರ್, ಪೆಟ್ರೋಲ್ ಪೈಪ್, ಚೋಕ್ ಮತ್ತು ಆಕ್ಸಿಲರೇಟರ್ ಸಂಪರ್ಕ, ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವ್ಯಾಕ್ಯೂಮ್ ಕೊಳವೆ ಕಳಚಿ. ಕಾರ್ಬುರೇಟರ್, ಮ್ಯಾನಿಫೋಲ್ಡ್ ಎರಡೂ ಆ ಕಡೆಗೇ ಇವೆ. ಮ್ಯಾನಿಫೋಲ್ಡ್‌ನ ನಟ್‌ಗಳ ಕೆಳಗಿನ ದೊಡ್ಡ ದಪ್ಪ ವಾಷರ್‌ಗಳನ್ನು ಜೋಪಾನವಾಗಿಡಿ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ಎರಡರ ಅಂಚನ್ನೂ ಒಂದೇ ವಾಷರ್ ಒತ್ತಿ ಹಿಡಿಯುತ್ತದೆ. ಅದರ ಬದಲು ಮಾಮೂಲಿ ವಾಷರ್ ಹಾಕಿದರೆ ಒಂದು ಕಡೆ ಗಾಳಿ ಎಳೆಯುವುದು ಖಂಡಿತ. ಸೈಲೆನ್ಸರ್ ಪೈಪಿನ ನಟ್‌ಗಳು ತುಕ್ಕು ಹಿಡಿದು ಜಗ್ಗದಿದ್ದರೆ ಅವನ್ನು ಹಾಗೇ ಬಿಟ್ಟು, ಮ್ಯಾನಿಫೋಲ್ಡನ್ನು ಹೆಡ್‌ನಿಂದ ಬಿಡಿಸಿ, ಸ್ಟಡ್‌ಗಳಿಂದ ಹೊರಗೆಳೆದು ಪಕ್ಕಕ್ಕೆ ಹಗ್ಗದಲ್ಲಿ ಕಟ್ಟಬಹುದು.

ಇನ್ನು ರಾಕರ್ ಕವರ್. ಗ್ಯಾರೇಜಿನಲ್ಲಿ ಟ್ಯಾಪೆಟ್ ಕವರ್ ಎನ್ನುವುದು ಇದನ್ನೇ. ನಿಜವಾದ ಟ್ಯಾಪೆಟ್ ಕವರ್‌ಗಳು ಮ್ಯಾನಿಫೋಲ್ಡ್ ಕೆಳಗೆ ಬ್ಲಾಕಿನ ಪಕ್ಕದಲ್ಲಿವೆ, ಅವನ್ನು ಸದ್ಯ ಮುಟ್ಟಬೇಡಿ. ಮೇಲಿನ ಎರಡು ನಟ್ ತೆಗೆದರೆ ಕವರ್ ಬರುತ್ತದೆ.

ರಾಕರ್ ಶಾಫ್ಟನ್ನು ಮೊದಲು ಬಿಚ್ಚಿಟ್ಟು, ಹೆಡ್ ನಟ್‌ಗಳನ್ನು ಆಮೇಲೆ ಬಿಚ್ಚಬಹುದಲ್ಲವೇ?

ಕೂಡದು. ಈ ಎಂಜಿನ್‌ನಲ್ಲಿ ಅತಿ ಹೆಚ್ಚು ಜನ ತಪ್ಪುವುದು ಇಲ್ಲೇ.

ರಾಕರ್‌ಗಳನ್ನು ಹೊತ್ತ ರಾಕರ್ ಶಾಫ್ಟ್ ಪೆಡೆಸ್ಟಲ್ ಎಂಬ ನಾಲ್ಕು ಆಧಾರ ಕಂಬಗಳ ಮೇಲೆ ಕೂತಿದೆ. ಪ್ರತಿ ಪೆಡೆಸ್ಟಲ್‌ಗೂ ಎರಡು ನಟ್, ಒಂದು ದೊಡ್ಡದು, ಒಂದು ಚಿಕ್ಕದು. ಚಿಕ್ಕದು ಪೆಡೆಸ್ಟಲ್‌ಗಷ್ಟೇ. ದೊಡ್ಡದು ಬ್ಲಾಕಿನಿಂದಲೇ ಎದ್ದು ಬಂದ ಹೆಡ್ ಸ್ಟಡ್‌ನ ನಟ್. ಹೆಡ್‌ಗೆ ಒಟ್ಟು 11 ನಟ್ ಇವೆ, 7 ರಾಕರ್ ಕವರಿನ ಹೊರಗೆ, 4 ಈ ಪೆಡೆಸ್ಟಲ್‌ಗಳ ಮೇಲೆ. ಹೊರಗಿನ 7ನ್ನು ಬಿಗಿಯಾಗಿಯೇ ಬಿಟ್ಟು ಒಳಗಿನ 4ನ್ನು ಸಡಿಲಿಸಿದರೆ ಹೆಡ್ಡಿಗೆ ಒಂದು ಕಡೆ ಮಾತ್ರ ಎಳೆತ ಉಳಿದು ಅದು ಸೊಟ್ಟಗಾಗುತ್ತದೆ. ಗ್ಯಾಸ್ಕೆಟ್ ಬಾಯಿಬಿಟ್ಟು ನೀರು ಸಿಲಿಂಡರಿಗೆ ಇಳಿಯುತ್ತದೆ. ಬರೀ ರಾಕರ್ ಶಾಫ್ಟ್ ಸವೆದಿದೆ, ಅದನ್ನಷ್ಟೇ ಬದಲಿಸಬೇಕು ಎಂದಿದ್ದಾಗಲೂ ನೀರು ಇಳಿಸಿ, ಹನ್ನೊಂದೂ ಹೆಡ್ ನಟ್‌ಗಳನ್ನು ಸಡಿಲಿಸಲೇಬೇಕು. ಬಿಎಂಸಿಯ ಕೈಪಿಡಿಗಳಲ್ಲೂ ಈ ಎಚ್ಚರಿಕೆ ಇದೆ, ಓದುವವರು ಕಡಿಮೆ ಅಷ್ಟೇ.

ಹಾಗಾಗಿ ಎಲ್ಲವನ್ನೂ ಒಟ್ಟಿಗೆ, ಕಂತಿನಲ್ಲಿ ಸಡಿಲಿಸಿ. ಮೊದಲ ಸುತ್ತಿನಲ್ಲಿ ಒಂದೊಂದಕ್ಕೂ ಕಾಲು ತಿರುವು, ಮುಂದಿನ ಸುತ್ತಿನಲ್ಲಿ ಅರ್ಧ. ಎರಡು ತುದಿಗಳಿಂದ ಆರಂಭಿಸಿ ನಡುವಿನ ಕಡೆಗೆ ಬನ್ನಿ. ಪೆಡೆಸ್ಟಲ್‌ನ ಚಿಕ್ಕ ನಟ್‌ಗಳನ್ನೂ ಜೊತೆಜೊತೆಗೇ ಬಿಡಿಸುತ್ತಾ ಹೋಗಿ. ವಾಲ್ವ್ ಸ್ಪ್ರಿಂಗ್‌ಗಳು ಶಾಫ್ಟನ್ನು ಮೇಲಕ್ಕೆ ತಳ್ಳುತ್ತಿರುತ್ತವೆ, ಒಂದು ತುದಿಯನ್ನು ಪೂರ್ತಿ ಬಿಟ್ಟರೆ ಶಾಫ್ಟ್ ಬಾಗಬಹುದು. ಹಿಂದಿನ ಪೆಡೆಸ್ಟಲ್‌ನ ನಟ್ ಕೆಳಗೆ ಒಂದು ಲಾಕ್ ಪ್ಲೇಟ್ ಇರುತ್ತದೆ. ಶಾಫ್ಟ್ ತಿರುಗದಂತೆ ಹಿಡಿದಿರುವ ಸ್ಕ್ರೂ ಬಿಚ್ಚಿಕೊಳ್ಳದಿರಲಿ ಎಂದು ಅದನ್ನಿಟ್ಟಿದ್ದಾರೆ. ಕಳೆಯಬೇಡಿ.

ಪುಶ್‌ರಾಡ್ ಎಳೆಯುವಾಗ ಏನಾದರೂ ಎಚ್ಚರಿಕೆ?

ಇದೆ. ಪುಶ್‌ರಾಡ್‌ನ ಕೆಳತುದಿ ಟ್ಯಾಪೆಟ್‌ನ ಒಳಗೆ ಆಯಿಲ್‌ನಲ್ಲಿ ಅದ್ದಿ ಕೂತಿರುತ್ತದೆ. ನೇರವಾಗಿ ಎಳೆದರೆ ಅಂಟಿನಂತೆ ಹಿಡಿದು ಟ್ಯಾಪೆಟ್ಟನ್ನೂ ತನ್ನ ಜಾಗದಿಂದ ಮೇಲೆತ್ತಿಬಿಡುತ್ತದೆ. ಅರ್ಧಕ್ಕೆ ಬಂದು ಕಳಚಿಕೊಂಡರೆ ಟ್ಯಾಪೆಟ್ ಪಕ್ಕಕ್ಕೆ ಉರುಳುತ್ತದೆ, ಆಗ ಸೈಡ್ ಕವರ್ ತೆಗೆಯದೆ ಬೇರೆ ದಾರಿಯಿಲ್ಲ. ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ, ಪಕ್ಕಕ್ಕೆ ಒಮ್ಮೆ ಅಲ್ಲಾಡಿಸಿ. ಹಿಡಿತ ಬಿಟ್ಟದ್ದು ಕೈಗೇ ತಿಳಿಯುತ್ತದೆ. ಆಮೇಲೆ ನಿಧಾನವಾಗಿ ಮೇಲಕ್ಕೆ.

ತೆಗೆದ ಎಂಟನ್ನೂ ರಟ್ಟಿನ ಡಬ್ಬಕ್ಕೆ ಎಂಟು ತೂತು ಮಾಡಿ, 1ರಿಂದ 8ರವರೆಗೆ ಸಂಖ್ಯೆ ಹಾಕಿ, ಅದೇ ಕ್ರಮದಲ್ಲಿ ಚುಚ್ಚಿಡಿ. ಪ್ರತಿಯೊಂದೂ ತನ್ನ ಟ್ಯಾಪೆಟ್, ತನ್ನ ರಾಕರ್ ಜೊತೆ ಸವೆದು ಹೊಂದಿಕೊಂಡಿರುತ್ತದೆ. ಗಾಜಿನ ಮೇಲೆ ಉರುಳಿಸಿ ಬಾಗಿರುವುದನ್ನು ಕಂಡುಹಿಡಿಯಿರಿ. ಬಾಗಿದ್ದನ್ನು ನೇರ ಮಾಡಲು ಹೋಗದೆ ಬದಲಿಸಿ.

ನಟ್ ಎಲ್ಲ ತೆಗೆದರೂ ಹೆಡ್ ಅಲ್ಲಾಡುತ್ತಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಲೇ?

ಬೇಡ. ಎರಡು ಮುಖಗಳ ನಡುವೆ ಉಳಿ, ಸ್ಕ್ರೂಡ್ರೈವರ್ ಯಾವುದು ತೂರಿಸಿದರೂ ಗೀರು ಬೀಳುತ್ತದೆ. ಆ ಗೀರಿನಲ್ಲೇ ನಾಳೆ ನೀರು ಸೋರುತ್ತದೆ.

ಮೊದಲು ಎಲ್ಲ ಹನ್ನೊಂದೂ ನಟ್ ತೆಗೆದಿದ್ದೀರಾ, ಮ್ಯಾನಿಫೋಲ್ಡ್ ಎಲ್ಲಾದರೂ ಹಿಡಿದುಕೊಂಡಿದೆಯೇ ನೋಡಿ. ಆಮೇಲೆ ಸ್ಟಡ್‌ಗಳ ಸುತ್ತ ಮತ್ತೆ ಎಣ್ಣೆ ಬಿಟ್ಟು ಕಾಯಿರಿ. ಹೆಡ್ ಪಕ್ಕೆಗೆ ಗಟ್ಟಿ ಮರದ ತುಂಡು ಇಟ್ಟು ಅದರ ಮೇಲೆ ಸುತ್ತಿಗೆಯಿಂದ ಹೊಡೆಯಿರಿ, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಬೀಡಿನ ಅಂಚಿಗೆ ನೇರವಾಗಿ ಹೊಡೆದರೆ ಚೂರು ಹಾರುತ್ತದೆ.

ಅದಕ್ಕೂ ಬಗ್ಗದಿದ್ದರೆ ಎಂಜಿನ್‌ನ ಒತ್ತಡವನ್ನೇ ಬಳಸಿಕೊಳ್ಳಿ. ಪುಶ್‌ರಾಡ್ ಹೊರಗಿರುವುದರಿಂದ ವಾಲ್ವ್ ಎಲ್ಲವೂ ಮುಚ್ಚಿವೆ. ಪ್ಲಗ್‌ಗಳನ್ನು ಮತ್ತೆ ಹಾಕಿ, ನಾಲ್ಕು ಮೂಲೆಯ ಹೆಡ್ ನಟ್‌ಗಳನ್ನು ಎರಡು ಮೂರು ಸುತ್ತು ಮಾತ್ರ ಹಿಡಿಸಿ, ಸ್ಟಾರ್ಟಿಂಗ್ ಹ್ಯಾಂಡಲ್ ತಿರುಗಿಸಿ. ಪಿಸ್ಟನ್ ಒತ್ತಿದ ಗಾಳಿ ಗ್ಯಾಸ್ಕೆಟ್ಟಿನ ಹಿಡಿತ ಬಿಡಿಸುತ್ತದೆ. ಅಂಬಾಸಿಡರ್ ಮಾಲೀಕರಲ್ಲಿ ಹ್ಯಾಂಡಲ್ ಇನ್ನೂ ಡಿಕ್ಕಿಯಲ್ಲಿಟ್ಟುಕೊಂಡವರು ಅದೃಷ್ಟವಂತರು.

ಹಿಡಿತ ಬಿಟ್ಟ ಮೇಲೆ ಸ್ಟಡ್‌ಗಳ ಗುಂಟ ನೇರ ಮೇಲಕ್ಕೆ, ಎರಡೂ ತುದಿ ಸಮನಾಗಿ ಎತ್ತಬೇಕು. ಓರೆಯಾದರೆ ಸ್ಟಡ್‌ಗೆ ಕಚ್ಚಿಕೊಳ್ಳುತ್ತದೆ. ಬೀಡಿನ ಹೆಡ್ 20 ಕೆ.ಜಿ.ಗೂ ಹೆಚ್ಚು ತೂಗುತ್ತದೆ, ಬಾನೆಟ್ ಒಳಗೆ ಬಗ್ಗಿಕೊಂಡು ಒಬ್ಬರೇ ಎತ್ತುವ ಸಾಹಸ ಸೊಂಟಕ್ಕೆ ಒಳ್ಳೆಯದಲ್ಲ. ಇಬ್ಬರಿರಲಿ. ಮರದ ಹಲಗೆಗಳ ಮೇಲಿಡಿ, ಸಿಮೆಂಟ್ ನೆಲದ ಮೇಲೆ ಮುಖ ಕೆಳಗೆ ಮಾಡಿ ಇಡಬೇಡಿ.

ಹಳೆಯ ಗ್ಯಾಸ್ಕೆಟ್ ಏನಾದರೂ ಹೇಳುತ್ತದೆಯೇ?

ಬಹಳ ಹೇಳುತ್ತದೆ, ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಸಿಲಿಂಡರ್ ತೂತುಗಳ ನಡುವಿನ ಸೇತುವೆಯಲ್ಲಿ ಕಪ್ಪು ಗೆರೆಯಿದ್ದರೆ ಬೆಂಕಿ ಅಲ್ಲಿಂದ ದಾಟಿದೆ. ನೀರಿನ ತೂತಿನ ಅಂಚು ತಿಂದುಹೋಗಿದ್ದರೆ ವರ್ಷಗಟ್ಟಲೆ ಬರೀ ನೀರು ತುಂಬಿಸಿದ್ದರ ಫಲ. ಪಿಸ್ಟನ್ ತಲೆಗಳನ್ನೂ ಹೋಲಿಸಿ. ಮೂರು ಮಸಿ ಹಿಡಿದಿದ್ದು ಒಂದು ಮಾತ್ರ ತೊಳೆದಂತೆ ಸ್ವಚ್ಛವಾಗಿದ್ದರೆ ನೀರು ಹೋಗುತ್ತಿದ್ದ ಸಿಲಿಂಡರ್ ಅದೇ.

ಹಳೆಯ ತಾಮ್ರದ ಗ್ಯಾಸ್ಕೆಟ್‌ಗಳ ಒಳಪದರ ಆಸ್ಬೆಸ್ಟಾಸ್ ಆಗಿರಬಹುದು. ಒಣಗಿದ್ದಾಗ ಕೆರೆಯಬೇಡಿ, ವೈರ್ ಬ್ರಷ್ ಹಾಕಿದ ಡ್ರಿಲ್ ಅಂತೂ ಬೇಡವೇ ಬೇಡ. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು, ಮೊಂಡು ಸ್ಕ್ರೇಪರ್‌ನಲ್ಲಿ ತೆಗೆದು ಚೀಲದಲ್ಲಿ ಕಟ್ಟಿ.

ಪಿಸ್ಟನ್ ಮೇಲಿನ ಮಸಿ ಪೂರ್ತಿ ಉಜ್ಜಿ ತೆಗೆಯಬೇಕೇ?

ನಡುಭಾಗ ಮಾತ್ರ. ಪಿಸ್ಟನ್ ಅಂಚಿನಲ್ಲಿ ಸುತ್ತಲೂ ತೆಳು ಉಂಗುರದಷ್ಟು ಮಸಿ ಬಿಡಿ, ಸಿಲಿಂಡರಿನ ಬಾಯಂಚಿನದನ್ನೂ ಮುಟ್ಟಬೇಡಿ. ಸವೆದ ಎಂಜಿನ್‌ನಲ್ಲಿ ಆಯಿಲ್ ಮೇಲೆ ಬರದಂತೆ ಆ ಉಂಗುರ ಅಷ್ಟಿಷ್ಟು ತಡೆಯುತ್ತದೆ. ಅದನ್ನು ತೆಗೆದ ಮೇಲೆ ‘ಹೆಡ್ ಕೆಲಸ ಮಾಡಿಸಿದೆ, ಈಗ ಹೊಗೆ ಜಾಸ್ತಿ’ ಎನ್ನುವ ದೂರು ಶುರುವಾಗುತ್ತದೆ. ಹಳೆಯ ಪಿಸ್ಟನ್ ರಿಂಗ್ ಒಂದನ್ನು ಪಿಸ್ಟನ್ ಮೇಲೆ ಬೋರ್ ಒಳಗೆ ಕೂರಿಸಿಕೊಂಡರೆ ಕೈ ತಪ್ಪುವುದಿಲ್ಲ. ಉಳಿದ ಬೋರ್, ನೀರಿನ ತೂತು, ಪುಶ್‌ರಾಡ್ ತೂತುಗಳಿಗೆಲ್ಲ ಬಟ್ಟೆ ತುರುಕಿಡಿ.

ಲೇತ್ ಅಂಗಡಿಗೆ ಕೊಡುವಾಗ ಏನು ಹೇಳಬೇಕು? ಫೇಸಿಂಗ್ ಹೊಡೆಸಲೇಬೇಕೇ?

ಮೊದಲು ನೀವೇ ಅಳೆಯಿರಿ. ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಹೆಡ್ ಮುಖದ ಉದ್ದಕ್ಕೆ, ಅಡ್ಡಕ್ಕೆ, ಎರಡು ಕರ್ಣಗಳಿಗೆ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಿ. 0.05 ಮಿ.ಮೀ. ಒಳಗಿದ್ದರೆ ಸುಮ್ಮನೆ ಹಾಕಬಹುದು. 0.1 ಮಿ.ಮೀ. ದಾಟಿದರೆ ಫೇಸಿಂಗ್, ಅಂದರೆ ಮುಖವನ್ನು ಯಂತ್ರದಲ್ಲಿ ಕೆತ್ತಿ ಸಮ ಮಾಡುವುದು, ಬೇಕು. ಬಿಚ್ಚಿದಾಗಲೆಲ್ಲ ಫೇಸಿಂಗ್ ಹೊಡೆಯುವ ಪದ್ಧತಿ ನಮ್ಮಲ್ಲಿದೆ, ಅದು ಒಳ್ಳೆಯದಲ್ಲ. ಈಗಾಗಲೇ ನಾಲ್ಕೈದು ಸಲ ಹೊಡೆಸಿಕೊಂಡ ಹೆಡ್ ನಿಮ್ಮದಾಗಿರಬಹುದು. ಲೋಹ ಹೋದಷ್ಟೂ ಕಂಪ್ರೆಷನ್ ಏರಿ ಎಂಜಿನ್ ನಾಕ್ ಮಾಡುತ್ತದೆ, ರಾಕರ್‌ನ ಕೋನವೂ ಕೆಡುತ್ತದೆ. ‘ಸಮ ಆಗುವಷ್ಟು ಮಾತ್ರ ತೆಗೆಯಿರಿ’ ಎಂದು ಹೇಳಿ. ಬ್ಲಾಕಿನ ಮುಖವನ್ನೂ ಅಳೆಯಲು ಮರೆಯಬೇಡಿ. ವರ್ಷಗಳ ಕಾಲ ಅತಿಯಾಗಿ ಬಿಗಿದ ಎಂಜಿನ್‌ಗಳಲ್ಲಿ ಸ್ಟಡ್ ಬುಡದ ಸುತ್ತ ಬೀಡು ಕೂದಲೆಳೆಯಷ್ಟು ಉಬ್ಬಿರುತ್ತದೆ. ಸ್ಟಡ್ ತೆಗೆದು ಆ ಉಬ್ಬನ್ನು ಅರದಿಂದ ಸಮ ಮಾಡದಿದ್ದರೆ ಹೊಸ ಗ್ಯಾಸ್ಕೆಟ್ಟೂ ಉಳಿಯುವುದಿಲ್ಲ.

ಬಿರುಕು ಹುಡುಕುವಾಗ ನಡುವಿನ ಜಾಗ ಮುಖ್ಯ. ಮುಂದಿನಿಂದ ಎಣಿಸಿದರೆ ವಾಲ್ವ್‌ಗಳ ಕ್ರಮ ಎಕ್ಸಾಸ್ಟ್, ಇನ್‌ಲೆಟ್, ಇನ್‌ಲೆಟ್, ಎಕ್ಸಾಸ್ಟ್, ಮತ್ತೆ ಎಕ್ಸಾಸ್ಟ್, ಇನ್‌ಲೆಟ್, ಇನ್‌ಲೆಟ್, ಎಕ್ಸಾಸ್ಟ್. ಅಂದರೆ 4 ಮತ್ತು 5ನೇ ವಾಲ್ವ್‌ಗಳು ಎರಡೂ ಎಕ್ಸಾಸ್ಟ್, ಅವು ಬಿಸಿಗಾಳಿ ಬಿಡುವುದೂ ಒಂದೇ ಪೋರ್ಟಿಗೆ. ಹೆಡ್ಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಯುವ ಜಾಗ ಅದು, ಬಿರುಕು ಬಿಡುವುದೂ ಸಾಮಾನ್ಯವಾಗಿ ಅಲ್ಲೇ. ನೀರಿನ ಒತ್ತಡ ಕೊಟ್ಟು ಪರೀಕ್ಷಿಸುವ ಅಂಗಡಿ ಸಿಕ್ಕರೆ ಫೇಸಿಂಗ್‌ಗಿಂತ ಮೊದಲು ಅದನ್ನೇ ಮಾಡಿಸಿ. ಬಿರುಕಿರುವ ಹೆಡ್ಡಿಗೆ ಫೇಸಿಂಗ್ ದುಡ್ಡು ಹಾಕುವುದು ದಂಡ.

ಸೀಸವಿಲ್ಲದ ಪೆಟ್ರೋಲ್‌ಗೆ ಹೊಸ ವಾಲ್ವ್ ಸೀಟ್ ಹಾಕಿಸಬೇಕೇ?

ಭಾರತದಲ್ಲಿ 2000ದ ಫೆಬ್ರುವರಿಯಿಂದ ಎಲ್ಲೆಡೆ ಸೀಸರಹಿತ ಪೆಟ್ರೋಲೇ. ಹಳೆಯ ಹೆಡ್‌ಗಳಲ್ಲಿ ವಾಲ್ವ್ ಕೂರುವುದು ನೇರವಾಗಿ ಬೀಡಿನ ಮೇಲೆ. ಸೀಸದ ಲೇಪ ಇಲ್ಲದಾಗ ಎಕ್ಸಾಸ್ಟ್ ಸೀಟ್ ಕ್ರಮೇಣ ಸವೆದು ವಾಲ್ವ್ ಒಳಗಿಳಿಯುತ್ತದೆ. ಲಕ್ಷಣ ಸರಳ: ಎಕ್ಸಾಸ್ಟ್ ಟ್ಯಾಪೆಟ್ ಗ್ಯಾಪ್ ಮತ್ತೆ ಮತ್ತೆ ಕಡಿಮೆಯಾಗುತ್ತಿರುತ್ತದೆ. ವಾರಕ್ಕೊಮ್ಮೆ ನಿಧಾನವಾಗಿ ಓಡುವ ಕಾರಾದರೆ ಸುಮ್ಮನಿರಬಹುದು. ಹೆದ್ದಾರಿಯಲ್ಲಿ ದೂರ ಓಡಿಸುವವರಾದರೆ, ಅಥವಾ ಹೇಗೂ ಸೀಟ್ ಗುಂಡಿಬಿದ್ದಿದ್ದರೆ, ನಾಲ್ಕು ಎಕ್ಸಾಸ್ಟ್‌ಗೂ ಗಟ್ಟಿ ಸೀಟ್ ಕೂರಿಸಿ. ಇನ್‌ಲೆಟ್‌ಗಳಿಗೆ ಅಗತ್ಯವಿಲ್ಲ.

ವಾಲ್ವ್ ಗ್ರೈಂಡಿಂಗ್ ಮನೆಯಲ್ಲೇ ಮಾಡಬಹುದೇ?

ಸೀಟ್ ಗುಂಡಿಬಿದ್ದಿಲ್ಲ, ವಾಲ್ವ್ ಅಂಚು ಸುಟ್ಟಿಲ್ಲ ಎಂದಾದರೆ ಧಾರಾಳವಾಗಿ. ಸೀಟಿನ ಕೋನ 45 ಡಿಗ್ರಿ. ಸ್ವಲ್ಪ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರ್ ಕಪ್ಪಿನ ಕೋಲಿನಿಂದ ಹಿಂದೆ ಮುಂದೆ ತಿರುಗಿಸಿ, ಆಗಾಗ ಎತ್ತಿ ಜಾಗ ಬದಲಿಸಿ. ಸುತ್ತಲೂ ಎಲ್ಲೂ ಕಡಿಯದ ಮಾಸಲು ಬೂದು ಉಂಗುರ ಕಂಡರೆ ನಿಲ್ಲಿಸಿ. ಪೇಸ್ಟನ್ನು ಸೀಮೆಎಣ್ಣೆಯಲ್ಲಿ ಪೂರ್ತಿ ತೊಳೆಯಿರಿ, ಗೈಡ್ ಒಳಗೆ ಉಳಿದರೆ ಅದು ಅಲ್ಲೂ ಅರೆಯುತ್ತದೆ. ಜೋಡಿಸಿದ ಮೇಲೆ ಚೇಂಬರ್‌ಗೆ ಸೀಮೆಎಣ್ಣೆ ತುಂಬಿ ಹತ್ತು ನಿಮಿಷ ಬಿಡಿ, ಪೋರ್ಟ್ ಒಣಗಿದ್ದರೆ ಕೆಲಸ ಸರಿಯಾಗಿದೆ.

ವಾಲ್ವ್ ದಂಡದ ರಬ್ಬರ್ ರಿಂಗ್ ಹಾಕಲು ಒಂದು ಕ್ರಮವಿದೆ. ಸ್ಪ್ರಿಂಗನ್ನು ಮೊದಲು ಒತ್ತಿ, ಆಮೇಲೆ ಎಣ್ಣೆ ಸವರಿದ ಹೊಸ ರಿಂಗನ್ನು ಕಾಟರ್ (ಸ್ಪ್ರಿಂಗ್ ಬಿಚ್ಚದಂತೆ ಹಿಡಿಯುವ ಸಣ್ಣ ಬೆಣೆ) ಕೂರುವ ತೋಡಿನ ಕೆಳಗಿನವರೆಗೆ ಇಳಿಸಿ, ಕೊನೆಗೆ ಕಾಟರ್ ಹಾಕಿ. ಮೊದಲೇ ರಿಂಗ್ ಹಾಕಿ ಸ್ಪ್ರಿಂಗ್ ಒತ್ತಿದರೆ ಅದು ಹರಿಯುತ್ತದೆ. ಹಳೆಯದನ್ನು ಮತ್ತೆ ಬಳಸಿದರೆ ಬೆಳಗಿನ ಮೊದಲ ಸ್ಟಾರ್ಟಿಗೆ ನೀಲಿ ಹೊಗೆ.

ಗ್ಯಾಸ್ಕೆಟ್‌ಗೆ ಅಂಟು ಹಚ್ಚಬೇಕೇ? ಯಾವ ಮುಖ ಮೇಲೆ?

ಅಂಟು ಬೇಡ. ಮುಖಗಳು ಸಮವಾಗಿದ್ದು ಒಣಗಿದ್ದರೆ ಗ್ಯಾಸ್ಕೆಟ್ ಹಾಗೇ ಕೂರುತ್ತದೆ. ಸಿಕ್ಕಾಪಟ್ಟೆ ಹಚ್ಚಿದ ಅಂಟು ಹಿಂಡಿ ಹೊರಬಂದು ನೀರಿನ ಮತ್ತು ಆಯಿಲ್‌ನ ತೂತು ಮುಚ್ಚುತ್ತದೆ. ಗ್ಯಾಸ್ಕೆಟ್ ಮೇಲೆ ‘ಫ್ರಂಟ್’, ‘ಟಾಪ್’ ಎಂದು ಅಚ್ಚಾಗಿರುತ್ತದೆ, ಹಾಗೇ ಇಡಿ. ಅಚ್ಚು ಇಲ್ಲದಿದ್ದರೆ ಬ್ಲಾಕಿನ ಮೇಲಿಟ್ಟು ಪ್ರತಿ ತೂತನ್ನೂ ಹೊಂದಿಸಿ ನೋಡಿ.

ಹೆಡ್ ನಟ್ ಟಾರ್ಕ್ ಎಷ್ಟು? ಟಾರ್ಕ್ ರೆಂಚ್ ಇಲ್ಲದೆ ಕೈ ಅಂದಾಜಿನಲ್ಲಿ ಬಿಗಿದರೆ?

ಹನ್ನೊಂದೂ ಹೆಡ್ ನಟ್‌ಗಳಿಗೆ 40 ಪೌಂಡ್-ಅಡಿ, ಅಂದರೆ 54 ನ್ಯೂಟನ್ ಮೀಟರ್ ಅಥವಾ 5.5 ಕೆ.ಜಿ. ಮೀಟರ್. ಪೆಡೆಸ್ಟಲ್‌ನ ನಾಲ್ಕು ಚಿಕ್ಕ ನಟ್‌ಗಳಿಗೆ 25 ಪೌಂಡ್-ಅಡಿ, ಅಂದರೆ 34 ನ್ಯೂಟನ್ ಮೀಟರ್. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಅನುಸರಿಸಿ. ಕೈ ಅಂದಾಜು ಈ ಕೆಲಸಕ್ಕೆ ಆಗದು, ರೆಂಚ್ ಬಾಡಿಗೆಗೆ ತನ್ನಿ.

ಕ್ರಮ ಹೀಗಿರಲಿ. ಸ್ಟಡ್ ಥ್ರೆಡ್ ಸ್ವಚ್ಛ ಮಾಡಿ ಒಂದು ಹನಿ ಎಂಜಿನ್ ಆಯಿಲ್ ಬಿಡಿ. ನಟ್ ಕೈಯಲ್ಲೇ ಸಲೀಸಾಗಿ ಕೊನೆಯವರೆಗೆ ಇಳಿಯಬೇಕು. ನಡುವೆ ಬಿಗಿಯಾದರೆ ಸ್ಟಡ್ ಎಳೆದು ಉದ್ದವಾಗಿದೆ, ಬದಲಿಸಿ. ಹೆಡ್ ಇಳಿಸಿ, ಹೊರಗಿನ 7 ನಟ್ ಬೆರಳ ಬಿಗಿಗೆ ತನ್ನಿ. ಪುಶ್‌ರಾಡ್‌ಗಳನ್ನು ಅವುಗಳ ಸಂಖ್ಯೆಯಂತೆ ಇಳಿಸಿ, ಟ್ಯಾಪೆಟ್ ಒಳಗೆ ಕೂತಿದ್ದು ಖಚಿತ ಮಾಡಿಕೊಳ್ಳಿ. ರಾಕರ್‌ನ ಅಡ್ಜಸ್ಟಿಂಗ್ ಸ್ಕ್ರೂಗಳನ್ನು ಪೂರ್ತಿ ಸಡಿಲಿಸಿಯೇ ಶಾಫ್ಟ್ ಕೂರಿಸಿ, ಇಲ್ಲದಿದ್ದರೆ ನಟ್ ಬಿಗಿಯುವಾಗ ಪುಶ್‌ರಾಡ್ ಬಾಗುತ್ತದೆ. ಈಗ ಹನ್ನೊಂದನ್ನೂ ನಡುವಿನಿಂದ ಹೊರಕ್ಕೆ ಸುರುಳಿಯಂತೆ ಬಿಗಿಯುತ್ತಾ ಹೋಗಿ: ಮೊದಲ ಸುತ್ತು 15, ಎರಡನೆಯದು 30, ಮೂರನೆಯದು 40. ಆಮೇಲೆ ಚಿಕ್ಕ ನಟ್‌ಗಳು.

ಟ್ಯಾಪೆಟ್ ಸೆಟ್ಟಿಂಗ್ ಎಷ್ಟು? ಯಾವ ಕ್ರಮದಲ್ಲಿ?

0.015 ಇಂಚು, ಅಂದರೆ 0.38 ಮಿ.ಮೀ., ಎಂಟಕ್ಕೂ ಒಂದೇ. ಕ್ರಮ ನೆನಪಿಡಲು ಒಂಬತ್ತರ ಲೆಕ್ಕ ಸಾಕು. ಪೂರ್ತಿ ತೆರೆದ ವಾಲ್ವ್‌ನ ಸಂಖ್ಯೆಯನ್ನು 9ರಿಂದ ಕಳೆದರೆ ಸೆಟ್ ಮಾಡಬೇಕಾದ ವಾಲ್ವ್ ಸಿಗುತ್ತದೆ. 8 ತೆರೆದಿದ್ದಾಗ 1, 6 ತೆರೆದಿದ್ದಾಗ 3, 4 ತೆರೆದಿದ್ದಾಗ 5, 7 ತೆರೆದಿದ್ದಾಗ 2, ಹೀಗೆ. ಪ್ಲಗ್ ತೆಗೆದಿದ್ದರೆ ಹ್ಯಾಂಡಲ್‌ನಲ್ಲಿ ಎಂಜಿನ್ ಸುಲಭವಾಗಿ ತಿರುಗುತ್ತದೆ.

ಸ್ಟಾರ್ಟ್ ಮಾಡಿದರೆ ಮೇಲಿಂದ ಟಕ ಟಕ ಸದ್ದು. ರಾಕರ್‌ಗೆ ಆಯಿಲ್ ಬರುತ್ತಿಲ್ಲ. ಯಾಕೆ?

ರಾಕರ್‌ಗೆ ಆಯಿಲ್ ಏರುವುದು ಬ್ಲಾಕ್ ಮತ್ತು ಹೆಡ್‌ನಲ್ಲಿ ಕೊರೆದ ಒಂದೇ ದಾರಿಯಲ್ಲಿ, ಹಿಂದಿನ ಪೆಡೆಸ್ಟಲ್ ಮೂಲಕ. ಅಲ್ಲಿ ಗ್ಯಾಸ್ಕೆಟ್ ಚೂರೋ ಅಂಟೋ ಸಿಕ್ಕಿಕೊಂಡರೆ ಎಂಟೂ ರಾಕರ್ ಒಣಗುತ್ತವೆ. ಪೆಡೆಸ್ಟಲ್‌ಗಳನ್ನು ಅದಲುಬದಲು ಮಾಡಿದರೂ ಇದೇ ಗತಿ, ತೂತಿರುವುದು ಹಿಂದಿನದಕ್ಕೇ. ಆದ್ದರಿಂದ ಹೆಡ್ ಕೂರಿಸುವ ಮೊದಲು ಆ ದಾರಿಗೆ ಗಾಳಿ ಊದಿ. ಮೊದಲ ಸ್ಟಾರ್ಟಿನಲ್ಲಿ ರಾಕರ್ ಕವರ್ ಹಾಕದೆ ನಿಧಾನ ಓಟದಲ್ಲಿ ನೋಡಿ. ಸ್ವಲ್ಪ ಹೊತ್ತಿನಲ್ಲಿ ರಾಕರ್‌ಗಳ ಬುಡದಲ್ಲಿ ಆಯಿಲ್ ಜಿನುಗಬೇಕು. ಎರಡು ನಿಮಿಷವಾದರೂ ಒಣಗೇ ಇದ್ದರೆ ಎಂಜಿನ್ ಆಫ್ ಮಾಡಿ.

ಎಂಜಿನ್ ಆಯಿಲ್ ಬದಲಿಸಬೇಕೇ? ಇನ್ನೂ ಸಾವಿರ ಕಿಲೋಮೀಟರ್ ಓಡಿಲ್ಲ.

ಬದಲಿಸಿ, ಫಿಲ್ಟರ್ ಸಮೇತ. ಎಷ್ಟೇ ಜಾಗ್ರತೆ ಮಾಡಿದರೂ ಹೆಡ್ ಎತ್ತುವಾಗ ಒಂದಷ್ಟು ನೀರು ಸಂಪ್ ಸೇರಿರುತ್ತದೆ. ಆ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್‌ಗೆ ಪೆಟ್ಟು.

ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಹಾಕಬಹುದೇ?

ಬೇಡ. ಕೋಲಾರ, ಚಿತ್ರದುರ್ಗದ ಕಡೆಯ ಬೋರ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿದವರಿಗೆ ವಿವರಿಸಬೇಕಿಲ್ಲ. ಅದೇ ಬಿಳಿ ಗಾರೆ ಹೆಡ್ಡಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ, 4 ಮತ್ತು 5ನೇ ವಾಲ್ವ್ ಸುತ್ತ ಕಟ್ಟಿದರೆ ಬಿರುಕು ಗ್ಯಾರಂಟಿ. ಡಿಸ್ಟಿಲ್ಡ್ ನೀರಿಗೆ ಕೂಲೆಂಟ್ ಬೆರೆಸಿ ತುಂಬಿಸಿ. ಇಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲ ನಿಜ, ಕೂಲೆಂಟ್ ಬೇಕಿರುವುದು ತುಕ್ಕು ತಡೆಯಲು.

ಮತ್ತೆ ಬಿಗಿಯಬೇಕು ಎನ್ನುತ್ತಾರೆ. ಯಾವಾಗ, ಹೇಗೆ?

ಮೊದಲ ಸಲ ಪೂರ್ತಿ ಬಿಸಿಯಾಗಿ ಮತ್ತೆ ಪೂರ್ತಿ ತಣ್ಣಗಾದ ಮೇಲೆ ಒಮ್ಮೆ, 500 ಕಿ.ಮೀ. ಆಸುಪಾಸಿನಲ್ಲಿ ಇನ್ನೊಮ್ಮೆ. ಬಿಗಿಯಾಗಿ ಕೂತ ನಟ್ ಮೇಲೆ ರೆಂಚ್ ಇಟ್ಟು ಕ್ಲಿಕ್ ಅನ್ನಿಸಿದರೆ ಸಾಲದು, ಅಂಟಿಕೊಂಡ ಥ್ರೆಡ್ ಸುಳ್ಳು ಅಂಕಿ ಕೊಡುತ್ತದೆ. ಅದೇ ಕ್ರಮದಲ್ಲಿ ಒಂದೊಂದೇ ನಟ್ಟನ್ನು ಅರ್ಧಪಾವು ತಿರುವಿನಷ್ಟು, ಅಂದರೆ 1/8 ಸುತ್ತು ಸಡಿಲಿಸಿ ತಕ್ಷಣ 40ಕ್ಕೆ ಬಿಗಿಯಿರಿ. ಒಂದು ಮುಗಿಸಿಯೇ ಇನ್ನೊಂದು.

ಪ್ರತಿ ಸಲ ಬಿಗಿದ ಮೇಲೂ ಟ್ಯಾಪೆಟ್ ಗ್ಯಾಪ್ ನೋಡಬೇಕು. ಗ್ಯಾಸ್ಕೆಟ್ ಅಮುಕಿದಷ್ಟೂ ಹೆಡ್ ಬ್ಲಾಕಿಗೆ ಹತ್ತಿರವಾಗುತ್ತದೆ, ಪುಶ್‌ರಾಡ್ ಉದ್ದ ಮಾತ್ರ ಅಷ್ಟೇ ಇರುತ್ತದೆ, ಹೀಗಾಗಿ ಗ್ಯಾಪ್ ಕಡಿಮೆಯಾಗುತ್ತದೆ. ಸದ್ದು ಇಲ್ಲ, ಆದ್ದರಿಂದ ಸರಿಯಿದೆ ಎಂದುಕೊಳ್ಳಬೇಡಿ. ಗ್ಯಾಪ್ ಜಾಸ್ತಿಯಾದರೆ ಸದ್ದು ಮಾಡಿ ಹೇಳುತ್ತದೆ, ಕಡಿಮೆಯಾದರೆ ಸದ್ದಿಲ್ಲದೆ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ.